ಬಣ್ಣದ ಕೆಳಗಿನ ಉಪ್ಪು: ಒಂದು ಹಾಯಿದೋಣಿಯ ಎಂಜಿನ್ ಮತ್ತು ಶಾಫ್ಟ್ ತುಕ್ಕಿನ ಪ್ರಕರಣ

ಹಿನ್ನೆಲೆ

ದೋಣಿ ಫೈಬರ್‌ಗ್ಲಾಸಿನದು, 30 ಅಡಿ ಉದ್ದ, ಒಂದೇ ಹಾಯಿಕಂಬ. ಗಾಳಿ ನಿಂತಾಗ ಮತ್ತು ದಕ್ಕೆಗೆ ಬಂದುಹೋಗುವಾಗ ಬಳಸಲು ಹೊಟ್ಟೆಯೊಳಗೆ ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್. ಅದರ ಹಿಂದೆ ಗೇರ್‌ಬಾಕ್ಸ್, ಗೇರ್‌ಬಾಕ್ಸಿನ ಹಿಂದೆ ಅದನ್ನು ಶಾಫ್ಟಿಗೆ ಜೋಡಿಸುವ ಕಪ್ಲಿಂಗ್. ಅಲ್ಲಿಂದ 25 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್ ತಳವನ್ನು ತೂರಿ ಹೊರಗೆ ಹೋಗಿ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಶಾಫ್ಟ್ ತೂರಿಹೋಗುವ ಜಾಗದಲ್ಲಿ ಸಮುದ್ರ ಒಳಗೆ ಬಾರದಂತೆ ತಡೆಯುವುದು ಗ್ಲ್ಯಾಂಡ್. ಒಂದು ಕಂಚಿನ ಗೂಡು, ಅದರೊಳಗೆ ಶಾಫ್ಟಿಗೆ ಸುತ್ತಿದ ಜಿಡ್ಡು ಹಚ್ಚಿದ ನಾರಿನ ಹಗ್ಗ, ಹಗ್ಗವನ್ನು ಒತ್ತಿ ಹಿಡಿಯುವ ನಟ್ಟು, ಇಷ್ಟೇ ಅದರ ಸಾಮಗ್ರಿ. ಇದು ಬಹಳ ಹಳೆಯ ಏರ್ಪಾಡು, ಈಗಲೂ ನಡೆಯುತ್ತಿದೆ.

ಮಾಲೀಕರು ಬೆಂಗಳೂರಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ದೋಣಿ ಕೊಂಡದ್ದು ಬೇರೊಬ್ಬರ ಕೈಯಿಂದ, ಇಟ್ಟಿರುವುದು ಗೋವಾದಲ್ಲಿ, ಮಾಂಡೋವಿ ನದಿ ಕಡಲು ಸೇರುವುದಕ್ಕೆ ಸ್ವಲ್ಪ ಮೇಲೆ. ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ. ಅವರ ಹೆಸರು, ದೋಣಿಯ ಹೆಸರು, ನಿಲ್ಲಿಸಿರುವ ಜಾಗ ಇವನ್ನೆಲ್ಲ ಬಿಟ್ಟು ಬರೆಯುತ್ತಿದ್ದೇನೆ. ಕೆಲಸ ಮಾಡಿದ ಮೆಕ್ಯಾನಿಕ್ ಮಲ್ಪೆಯ ಕಡೆಯವರು, ಮೀನುಗಾರಿಕಾ ದೋಣಿಗಳ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಕೂದಲು ಹಣ್ಣಾದವರು. ನನ್ನ ಪಾತ್ರ ಸಲಹೆ ಮತ್ತು ತಪಾಸಣೆಯದು.

ಈ ದೋಣಿ ನವೆಂಬರಿನಿಂದ ಮೇ ತಿಂಗಳವರೆಗೆ ಅಪರೂಪಕ್ಕೆ ಓಡುತ್ತದೆ, ಮಳೆಗಾಲ ಪೂರ್ತಿ ನಿಂತೇ ಇರುತ್ತದೆ. ತುಕ್ಕಿನ ಲೆಕ್ಕದಲ್ಲಿ ಇದು ದಿನವೂ ಕಡಲಿಗೆ ಇಳಿಯುವ ಮೀನುಗಾರಿಕಾ ದೋಣಿಗಿಂತ ಕಷ್ಟದ ಬದುಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆರಿದರೂ ಉಪ್ಪು ಲೋಹದ ಮೇಲೆ ಉಳಿಯುತ್ತದೆ. ಗಾಳಿಯ ಆರ್ದ್ರತೆ ಶೇ 75 ದಾಟಿತೆಂದರೆ ಅಡುಗೆ ಉಪ್ಪು ತಾನಾಗಿಯೇ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನೊಳಗಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ಆರ್ದ್ರತೆಯೂ ಬೇಕಿಲ್ಲ. ಕರಾವಳಿಯ ಮಳೆಗಾಲದಲ್ಲಿ ಆರ್ದ್ರತೆ ಶೇ 80ಕ್ಕಿಂತ ಕೆಳಗಿಳಿಯುವ ದಿನವೇ ವಿರಳ. ಅಂದರೆ ಮಾರ್ಚಿನಲ್ಲಿ ಸಿಡಿದ ಒಂದು ಹನಿ ಜೂನ್‌ನಲ್ಲಿ ಮತ್ತೆ ಒದ್ದೆಯಾಗಿ, ಸೆಪ್ಟೆಂಬರಿನವರೆಗೆ ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಯಾರೂ ದೋಣಿಯ ಬಳಿ ಸುಳಿಯಬೇಕಿಲ್ಲ.

ಸಮಸ್ಯೆ

ಮಾಲೀಕರ ಕಣ್ಣಿಗೆ ಮೊದಲು ಬಿದ್ದದ್ದು ಕಪ್ಲಿಂಗ್. ಬೀಡುಕಬ್ಬಿಣದ ಆ ಬಿಲ್ಲೆ ಪದರು ಪದರಾಗಿ ಏಳುತ್ತಿತ್ತು, ಬೋಲ್ಟಿನ ತಲೆಗಳು ಆರು ಮೂಲೆ ಕಳೆದುಕೊಂಡು ಗುಂಡಗಾಗಿದ್ದವು. ಎಂಜಿನ್ನಿನ ಮುಂಭಾಗದಲ್ಲಿ, ಅದನ್ನು ತಂಪಾಗಿಡಲು ಕಡಲ ನೀರು ಎಳೆಯುವ ಪಂಪಿನ ಕೆಳಗಿದ್ದ ಕಬ್ಬಿಣದ ಬ್ರಾಕೆಟ್ ಮತ್ತು ಅದೇ ಬದಿಯ ಎಂಜಿನ್ ಮೌಂಟ್ (ಎಂಜಿನ್ ಕೂರುವ ಆಧಾರ) ಕೂಡ ಕಂದಿದ್ದವು. ನಿಷ್ಕಾಸದ ಹೊಗೆಗೆ ನೀರು ಬೆರೆಯುವ ಮೊಣಕೈ ಕೊಳವೆಯ ಬುಡದಲ್ಲಿ ಬಿಳಿ ಹೊಪ್ಪಳಿಕೆ ಕಟ್ಟಿತ್ತು. ಶಾಫ್ಟ್ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದರ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ.

ಮೊದಲ ಸುತ್ತು

ಮಾಲೀಕರು ಆಗ ಕರೆಸಿದ್ದು ಒಂದು ವಾಹನ ರಿಪೇರಿ ಗ್ಯಾರೇಜಿನವರನ್ನು. ಅವರು ಮಾಡಿದ್ದು ರಸ್ತೆಯ ಮೇಲಿನ ಲಾರಿಗೆ ಮಾಡುವ ಕೆಲಸ. ತಂತಿ ಬ್ರಷ್‌ನಿಂದ ತಿಕ್ಕಿದರು, ಶೌಚಾಲಯ ತೊಳೆಯುವ ಆ್ಯಸಿಡ್ ಬಳಿದರು, ಒಂದು ಬಕೆಟ್ ನೀರು ಸುರಿದರು, ಬಟ್ಟೆಯಲ್ಲಿ ಒರೆಸಿ ಸ್ಪ್ರೇ ಬಣ್ಣ ಹೊಡೆದರು. ಆ ದಿನ ಎಂಜಿನ್ ಹೊಸತರಂತೆ ಕಂಡಿರಬೇಕು. ಮಾಲೀಕರು ತೆಗೆದುಕೊಂಡಿದ್ದ ಫೋಟೊ ನೋಡಿದರೆ ಅವರ ಸಂತೋಷ ಅರ್ಥವಾಗುತ್ತದೆ.

ಆ ಆ್ಯಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ಅದು ನಿಮಿಷಗಳಲ್ಲಿ ಕರಗಿಸುವುದು ನಿಜ. ಆದರೆ ಬೀಡುಕಬ್ಬಿಣದ ಸೂಕ್ಷ್ಮ ರಂಧ್ರಗಳೊಳಗೆ ಅದು ಬಿಟ್ಟುಹೋಗುವುದೂ ಕ್ಲೋರೈಡನ್ನೇ, ಕಡಲ ನೀರಿನಲ್ಲಿರುವ ಅದೇ ವಸ್ತುವನ್ನು. ಉಪ್ಪಿನ ಮೇಲೆ ಬಣ್ಣ ಹೊಡೆದರೆ ಬಣ್ಣವೇ ಅದಕ್ಕೆ ಹೊದಿಕೆಯಾಗುತ್ತದೆ. ಬಣ್ಣದ ಪೊರೆಯ ಮೂಲಕ ತೇವ ಒಳಗೆ ನುಸುಳುತ್ತದೆ, ಉಪ್ಪು ಹೊರಗೆ ಬರುವುದಿಲ್ಲ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಬಣ್ಣ ಗುಳ್ಳೆಯೆದ್ದು ಒಡೆಯುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಮಳೆ ಹಿಡಿಯುವ ಮೊದಲೇ ಕಪ್ಲಿಂಗ್ ತುಂಬ ಗುಳ್ಳೆ. ಮುಚ್ಚಿದ ಎಂಜಿನ್ ಕೋಣೆಯಲ್ಲಿ ಆ್ಯಸಿಡ್ಡಿನ ಆವಿ ಹರಡಿ, ಪಕ್ಕದ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರುಗಳಿಗೂ ಕೆಂಪು ಹತ್ತಿತ್ತು.

ಆಮೇಲೆ ಯಾರೋ ಮಾಲೀಕರಿಗೆ ಹೇಳಿದರಂತೆ: ಶಾಫ್ಟಿಗೆ ಹೊಸ ಸತುವಿನ ಆನೋಡ್ (ಬೇರೆ ಲೋಹದ ಬದಲು ತಾನು ಕರಗುವ ಗಟ್ಟಿ) ಕಟ್ಟಿಸಿ, ತುಕ್ಕು ಅದನ್ನು ತಿನ್ನುತ್ತದೆ, ಎಂಜಿನ್ ಉಳಿಯುತ್ತದೆ. ಕರಾವಳಿಯಲ್ಲಿ ಈ ನಂಬಿಕೆ ಬಹಳ ಜನರಿಗಿದೆ. ನೀರಿನೊಳಗೆ ಮುಳುಗಿರುವ ಶಾಫ್ಟಿಗೂ ಪ್ರೊಪೆಲ್ಲರಿಗೂ ಅದು ನಿಜವೇ. ಆದರೆ ಆನೋಡ್ ಕೆಲಸ ಮಾಡಬೇಕಾದರೆ ಅದೂ ಅದು ಕಾಯುವ ಲೋಹವೂ ಒಂದೇ ನೀರಿನಲ್ಲಿ ಮುಳುಗಿರಬೇಕು. ದೋಣಿಯೊಳಗೆ ಗಾಳಿಯಲ್ಲಿರುವ ಕಪ್ಲಿಂಗನ್ನು ಹೊರಗಿನ ಆನೋಡ್ ಎಷ್ಟೇ ದಪ್ಪಗಿದ್ದರೂ ಕಾಯಲಾರದು. ದುಡ್ಡು ಹೋಯಿತು, ತುಕ್ಕು ಉಳಿಯಿತು.

ಕಾಫಿ ಬಣ್ಣದ ಎಣ್ಣೆ

ಮಳೆಗಾಲದ ಮುಂಚೆ ಒಮ್ಮೆ ಎಂಜಿನ್ ಓಡಿಸಿ, ಎಣ್ಣೆಯ ಮಟ್ಟ ನೋಡಲು ಮಾಲೀಕರು ಡಿಪ್‌ಸ್ಟಿಕ್ ಎಳೆದಾಗ ಅದರ ತುದಿಯಲ್ಲಿ ಕಪ್ಪು ಎಣ್ಣೆ ಇರಲಿಲ್ಲ. ಹಾಲು ಹೆಚ್ಚಾದ ಕಾಫಿಯಂಥ ದ್ರವ ಇತ್ತು. ಎಂಜಿನ್ ಎಣ್ಣೆಗೆ ನೀರು ಸೇರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅವರು ನನಗೆ ಫೋನ್ ಮಾಡಿದ್ದು ಅದೇ ಸಂಜೆ. ಎಂಜಿನ್ ಇನ್ನು ಓಡಿಸಬೇಡಿ, ಆದರೆ ಹಾಗೆಯೇ ಬಿಡಲೂ ಬೇಡಿ ಎಂದೆ. ನೀರು ಸೇರಿದ ಎಣ್ಣೆಯಲ್ಲಿ ಬೇರಿಂಗುಗಳು ದಿನಗಟ್ಟಲೆ ನಿಂತರೆ ಒಳಗಿನ ತುಕ್ಕು ಹೊರಗಿನದಕ್ಕಿಂತ ದುಬಾರಿ. ಎಣ್ಣೆ ಹೀರಿ ತೆಗೆದು, ಅಗ್ಗದ ಹೊಸ ಎಣ್ಣೆ ತುಂಬಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಕೈಯಿಂದ ತಿರುಗಿಸಿ, ಮತ್ತೆ ತೆಗೆದು ಹಾಕುವುದನ್ನು ಎಣ್ಣೆ ತಿಳಿಯಾಗುವವರೆಗೆ ಮಾಡಿಸಿದೆವು.

ನೀರು ಬಂದದ್ದೆಲ್ಲಿಂದ? ಮೆಕ್ಯಾನಿಕ್ ಬಂದು ಎಂಜಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಪಂಪಿನ ಹೊಟ್ಟೆಯ ಕೆಳಗೆ ಬೆರಳು ಹಾಕಿ ತಡವಿದರು. ಈ ಬಗೆಯ ಪಂಪ್ ನೇರವಾಗಿ ಎಂಜಿನ್ನಿನ ಗೇರಿಗೆ ಕೂಡಿಕೊಂಡಿರುತ್ತದೆ. ಒಂದು ಕಡೆ ಕಡಲ ನೀರು, ಇನ್ನೊಂದು ಕಡೆ ಎಂಜಿನ್ ಎಣ್ಣೆ, ನಡುವೆ ಎರಡು ಸೀಲ್. ಆ ಎರಡು ಸೀಲುಗಳ ನಡುವಿನ ಜಾಗದಿಂದ ಕೆಳಕ್ಕೆ ಒಂದು ಸಣ್ಣ ತೂತು ಇಟ್ಟಿರುತ್ತಾರೆ. ನೀರಿನ ಸೀಲ್ ಸವೆದರೆ ಹನಿ ಆ ತೂತಿನಿಂದ ಹೊರಗೆ ಬೀಳಬೇಕು, ಎಣ್ಣೆಗೆ ಹೋಗಬಾರದು ಎಂಬುದು ಉದ್ದೇಶ. ಅಂದರೆ ಬ್ರಾಕೆಟ್ಟಿನ ಮೇಲೆ ಬೀಳುತ್ತಿದ್ದ ಹನಿ ಒಂದು ದೂರು. ಸೀಲ್ ಹೋಗಿದೆ, ಬದಲಿಸಿ ಎನ್ನುವ ದೂರು.

ಮೆಕ್ಯಾನಿಕ್ ಸಣ್ಣ ತಂತಿಯಿಂದ ಕೆರೆದಾಗ ತೂತಿನ ಬಾಯಿಂದ ಒಂದು ಬೂದು ಬಣ್ಣದ ಚಕ್ಕೆ ಉದುರಿತು. ಗ್ಯಾರೇಜಿನವರ ಸ್ಪ್ರೇ ಬಣ್ಣ. ಅದರ ಹಿಂದೆಯೇ ನಾಲ್ಕೈದು ಹನಿ ನೀರು. "ಬಾಯಿ ಮುಚ್ಚಿಸಿದ್ದಾರೆ ಮಾರಾಯರೇ, ಮತ್ತೆ ಅದು ಒಳಗೆ ಕಾರದೆ ಏನು ಮಾಡುತ್ತದೆ?" ಎಂದರು.

ಇಡೀ ಪ್ರಕರಣದ ದಿಕ್ಕು ತಿರುಗಿದ್ದು ಅಲ್ಲಿ. ಅಲ್ಲಿಯವರೆಗೆ ಕೇಳುತ್ತಿದ್ದ ಪ್ರಶ್ನೆ ತುಕ್ಕನ್ನು ತೆಗೆಯುವುದು ಹೇಗೆ ಎಂಬುದಾಗಿತ್ತು. ಅದನ್ನು ಬದಿಗಿಟ್ಟು, ಒಂದೊಂದು ತುಕ್ಕಿನ ಕಲೆಗೂ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದ ಮೇಲೆಯೇ ಬ್ರಷ್ ಮುಟ್ಟುವುದೆಂದು ಮೂವರೂ ಒಪ್ಪಿಕೊಂಡೆವು. ಮಾಲೀಕರು ಒಪ್ಪಿದ್ದು ಸ್ವಲ್ಪ ಮನಸ್ಸಿಲ್ಲದ ಮನಸ್ಸಿನಿಂದ. ಬಣ್ಣ ಕಾಣುತ್ತದೆ, ಹುಡುಕಾಟ ಕಾಣುವುದಿಲ್ಲ.

ನೀರಿನ ಜಾಡು

ಕೆಲಸ ಶುರುವಾದದ್ದು ಮಳೆ ಕಳೆದ ಮೇಲೆ. ಕಾರಣ ಸರಳ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಕಾಲದಲ್ಲಿ ಕರಾವಳಿಯ ದೋಣಿಗಳೆಲ್ಲ ರಿಪೇರಿಗೆ ಕೂರುತ್ತವೆ. ಒಳ್ಳೆಯ ಎಂಜಿನ್ ಮೆಕ್ಯಾನಿಕ್‌ಗೆ ಆಗ ಊಟಕ್ಕೂ ಪುರುಸೊತ್ತಿರುವುದಿಲ್ಲ.

ಪಂಪಿನ ಮೂಲ ಸಿಕ್ಕಿತ್ತು, ಸೀಲ್ ಬದಲಾಯಿತು. ಮೊಣಕೈ ಕೊಳವೆಯ ಬಿಳಿ ಹೊಪ್ಪಳಿಕೆಗೂ ಕಾರಣ ಸ್ಪಷ್ಟವಿತ್ತು. ಗ್ಯಾಸ್ಕೆಟ್ ಸುಟ್ಟು, ಬಿಸಿ ಹೊಗೆಯೊಂದಿಗೆ ಉಪ್ಪುನೀರಿನ ಆವಿ ಹೊರಬರುತ್ತಿತ್ತು. ಕೊಳವೆಯನ್ನು ಬಿಚ್ಚಿದರೆ ಒಳಗೆ ಮಸಿ ಕಟ್ಟಿ ದಾರಿ ಹೆಬ್ಬೆರಳು ತೂರದಷ್ಟು ಕಿರಿದಾಗಿತ್ತು. ಬೀಡುಕಬ್ಬಿಣದ ಈ ಕೊಳವೆಯನ್ನು ಎಣ್ಣೆ ಫಿಲ್ಟರಿನಂತೆ ಕಾಲಕಾಲಕ್ಕೆ ಬದಲಿಸುವ ವಸ್ತು ಎಂದೇ ಲೆಕ್ಕ ಹಾಕಬೇಕು. ತೊಳೆದು ಉಳಿಸುವ ಗೋಜಿಗೆ ಹೋಗದೆ ಹೊಸತು ತರಿಸಿದೆವು.

ಉಳಿದದ್ದು ಕಪ್ಲಿಂಗ್. ಅದರ ಮೇಲೆ ಯಾವ ಕೊಳವೆಯೂ ಇಲ್ಲ, ಡೆಕ್ಕಿನ ಸೋರಿಕೆಯೂ ಇಲ್ಲ. ಮೆಕ್ಯಾನಿಕ್ ಶಾಫ್ಟಿನ ಸುತ್ತಲಿನ ಗೋಡೆಗೆ, ತಳಕ್ಕೆ, ಮೇಲಿನ ಹಲಗೆಗೆ ಹಳೆಯ ದಿನಪತ್ರಿಕೆಯ ಹಾಳೆ ಅಂಟಿಸಿದರು. ದೋಣಿಯನ್ನು ದಕ್ಕೆಗೆ ಬಿಗಿಯಾಗಿ ಕಟ್ಟಿ, ಗೇರ್ ಹಾಕಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆವು. ಟಾರ್ಚ್ ಹಾಕಿ ನೋಡಿದಾಗ ಹಾಳೆಗಳ ಮೇಲೆ ಒದ್ದೆ ಚುಕ್ಕಿಗಳ ಒಂದು ಸಾಲು. ತಳದಲ್ಲಿ ಶುರುವಾಗಿ, ಬಲಗೋಡೆ ಏರಿ, ಮೇಲಿನ ಹಲಗೆ ದಾಟಿ, ಎಡಗೋಡೆ ಇಳಿದು ಮತ್ತೆ ತಳ ಸೇರಿತ್ತು. ಸಾಲಿನ ಅಗಲ ಒಂದು ಗೇಣೂ ಇಲ್ಲ, ಅದರ ನಟ್ಟನಡುವೆ ಗ್ಲ್ಯಾಂಡಿನ ನಟ್ಟು. ಅಲ್ಲಿಂದ ಕಪ್ಲಿಂಗಿನ ಕಡೆಗೆ ಚುಕ್ಕಿಗಳು ವಿರಳವಾಗುತ್ತ ಹೋಗಿದ್ದವು.

ನಾರಿನ ಹಗ್ಗದ ಗ್ಲ್ಯಾಂಡ್ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಸೋರಲೇಬೇಕು. ಆ ನೀರೇ ಹಗ್ಗವನ್ನು ತಂಪಾಗಿಡುತ್ತದೆ. ಇಲ್ಲಿ ಹಗ್ಗ ಗಟ್ಟಿಯಾಗಿ ಸವೆದು, ಹನಿ ಧಾರೆಯಾಗಿತ್ತು. ಧಾರೆ ಕೆಳಕ್ಕೆ ಬೀಳುವ ಮೊದಲೇ ತಿರುಗುವ ಶಾಫ್ಟ್ ಅದನ್ನು ಸುತ್ತಲೂ ಎರಚುತ್ತಿತ್ತು. ಎಂಜಿನ್ ನಿಂತಾಗ ನೋಡಿದರೆ ಗ್ಲ್ಯಾಂಡ್ ಒಣಗಿದೆ, ಎಲ್ಲ ಸರಿ ಇದೆ ಎನಿಸುತ್ತದೆ. ಓಡುತ್ತಿರುವಾಗ ಅಲ್ಲಿಗೆ ತಲೆ ಹಾಕುವವರು ಯಾರು?

ಕಪ್ಲಿಂಗ್ ಬಿಚ್ಚಿದ್ದು

ಕ್ರೇನಿನಿಂದ ದೋಣಿಯನ್ನು ದಡಕ್ಕೆ ಎತ್ತಿಸಿದೆವು, ಏಕೆಂದರೆ ಶಾಫ್ಟ್ ಹೊರತೆಗೆಯುವ ಸಾಧ್ಯತೆ ಇತ್ತು. ಕಪ್ಲಿಂಗ್ ಶಾಫ್ಟಿನ ಮೇಲೆ ತುಕ್ಕಿನಿಂದ ಬೆಸೆದುಕೊಂಡಿತ್ತು. ಇಂಥ ಕಡೆ ಕೈ ಮೊದಲು ಹೋಗುವುದು ಸುತ್ತಿಗೆಗೆ, ಆಮೇಲೆ ಬಿಸಿ ಮಾಡುವ ಗ್ಯಾಸ್ ಟಾರ್ಚಿಗೆ. ಎರಡನ್ನೂ ಬೇಡವೆಂದೆವು. ಸುತ್ತಿಗೆಯ ಪೆಟ್ಟು ಶಾಫ್ಟಿನ ಮೂಲಕ ನೇರ ಗೇರ್‌ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ಬೆಂಕಿಯ ವಿಚಾರದಲ್ಲಿ ಮಾತೇ ಇಲ್ಲ. ಈ ದೋಣಿಯಲ್ಲಿ ಅಡುಗೆಗೆ ಎಲ್‌ಪಿಜಿ ಒಲೆ ಇದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಹೋಗಿ ಸೇರುವುದು ದೋಣಿಯ ತಳವನ್ನೇ, ಅಂದರೆ ಕಪ್ಲಿಂಗ್ ಇರುವ ಜಾಗವನ್ನೇ.

ಸಂದುಗಳಿಗೆ ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮಪ್ರಮಾಣದಲ್ಲಿ ಬೆರೆಸಿ ಹನಿಸಿ ರಾತ್ರಿಯಿಡೀ ಬಿಟ್ಟೆವು. ಗುಂಡಗಾಗಿದ್ದ ಬೋಲ್ಟುಗಳಲ್ಲಿ ಎರಡನ್ನು ಡ್ರಿಲ್ ಮಾಡಿಯೇ ತೆಗೆಯಬೇಕಾಯಿತು. ಬಳಿಕ ಮೆಕ್ಯಾನಿಕ್ ತಮ್ಮ ಹಳೆಯ ಉಪಾಯ ತೆಗೆದರು. ಕಪ್ಲಿಂಗಿನ ತೂತುಗಳಿಗೆ ಸರಿಹೊಂದುವ ಒಂದು ದಪ್ಪ ಉಕ್ಕಿನ ತಟ್ಟೆ, ಶಾಫ್ಟಿನ ತುದಿಗೂ ತಟ್ಟೆಗೂ ನಡುವೆ ಶಾಫ್ಟಿಗಿಂತ ತುಸು ಸಣ್ಣ ಉಕ್ಕಿನ ತುಂಡು, ನಾಲ್ಕು ಉದ್ದ ಬೋಲ್ಟ್. ಬೋಲ್ಟುಗಳನ್ನು ಎದುರುಬದುರಾಗಿ ಕಾಲು ಸುತ್ತಿನಂತೆ ಬಿಗಿಯುತ್ತ ಹೋದರೆ ತುಂಡು ಶಾಫ್ಟನ್ನು ಕಪ್ಲಿಂಗಿನಿಂದ ಹೊರಕ್ಕೆ ತಳ್ಳುತ್ತದೆ. ಕೆಲವರು ತಟ್ಟೆಯ ಬದಲು ಗೇರ್‌ಬಾಕ್ಸಿನ ಫ್ಲೇಂಜನ್ನೇ, ಅಂದರೆ ಕಪ್ಲಿಂಗಿಗೆ ಎದುರಾಗಿ ಕೂಡುವ ಬಿಲ್ಲೆಯನ್ನೇ ಬಳಸುತ್ತಾರೆ. ಹಾಗೆ ಮಾಡಿದರೆ ಫ್ಲೇಂಜ್ ಸೊಟ್ಟಗಾಗುವ ಅಪಾಯವಿದೆ. ತಟ್ಟೆ ಮಾಡಿಸುವ ಖರ್ಚು ಅದರ ಮುಂದೆ ಏನೂ ಅಲ್ಲ. ಬಿಗಿಯುತ್ತ ಬಿಗಿಯುತ್ತ ಒಮ್ಮೆ ಟಣ್ ಎಂದು ಸದ್ದಾಯಿತು, ಕೆಂಪು ಪುಡಿ ಉದುರಿತು. ಅಲ್ಲಿಂದ ಮುಂದೆ ಕಪ್ಲಿಂಗ್ ಕೈಯಲ್ಲೇ ಜಾರಿ ಬಂತು.

ಹೊಳೆಯುವ ಶಾಫ್ಟ್

ಶಾಫ್ಟನ್ನು ಹಿಂದಕ್ಕೆ ಎಳೆದು ಹೊರತೆಗೆದಾಗ ಹಗ್ಗ ಸುತ್ತಿದ್ದ ಜಾಗದಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು ಕಂಡವು. ಮಾಲೀಕರು ಅದನ್ನು ಕೊಳೆ ಎಂದು ಭಾವಿಸಿ ಬಟ್ಟೆಯಿಂದ ಒರೆಸಿದರು, ಹೋಗಲಿಲ್ಲ. ಮೆಕ್ಯಾನಿಕ್ ಉಪ್ಪುಕಾಗದ ಹಾಕಿ ಲೇತಿನಲ್ಲಿ ಒಂದು ಸುತ್ತು ನಯ ಮಾಡಿಸಿದರೆ ಸಾಕು ಎಂದರು. ಅವರ ಅನುಭವದ ಮಟ್ಟಿಗೆ ಆ ಮಾತು ಸರಿಯೇ. ಮೀನುಗಾರಿಕಾ ದೋಣಿಯ ಶಾಫ್ಟ್ ದಿನವೂ ತಿರುಗಿ ಹಗ್ಗದ ಜಾಗದಲ್ಲಿ ತೋಡಾಗಿ ಸವೆಯುತ್ತದೆ, ಹೀಗೆ ಚುಕ್ಕಿ ಬೀಳುವುದು ಕಡಿಮೆ.

ಒಂದು ಹೊಲಿಗೆ ಸೂಜಿ ತರಿಸಿ ದೊಡ್ಡ ಚುಕ್ಕಿಯೊಂದರಲ್ಲಿ ಇಳಿಸಿದೆ. ಎರಡು ಮಿಲಿಮೀಟರಿನಷ್ಟು ಒಳಗೆ ಹೋಗಿ ನಿಂತಿತು, ಕೈ ಬಿಟ್ಟರೂ ನೆಟ್ಟಗೆ ನಿಂತೇ ಇತ್ತು. ಮೇಲಿನ ಬಾಯಿ ಕಿರಿದು, ಒಳಗೆ ಪೊಳ್ಳು.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೇಲ್ಮೈಯಲ್ಲಿರುವ ಅತಿ ತೆಳುವಾದ ಕ್ರೋಮಿಯಂ ಆಕ್ಸೈಡ್ ಪೊರೆಯಿಂದ. ಗೀಚಿದರೂ ಆ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬೇಕು. ದೋಣಿ ತಿಂಗಳುಗಟ್ಟಲೆ ನಿಂತಾಗ ಹಗ್ಗದ ಕೆಳಗೆ ಸಿಕ್ಕಿಕೊಂಡ ನೀರು ಬದಲಾಗುವುದಿಲ್ಲ, ಅದರ ಆಮ್ಲಜನಕ ಮುಗಿದುಹೋಗುತ್ತದೆ, ಕ್ಲೋರೈಡ್ ಮಾತ್ರ ಉಳಿಯುತ್ತದೆ. ಪೊರೆ ಒಡೆದ ಕಡೆ ಲೋಹ ಕೊರೆದುಕೊಂಡು ಹೋಗುತ್ತದೆ. ಕೆಂಪು ಬಣ್ಣವೂ ಹೆಚ್ಚು ಕಾಣುವುದಿಲ್ಲ. ಅದರ ಮೇಲೆ ಈ ಗ್ಲ್ಯಾಂಡಿನಲ್ಲಿದ್ದ ಹಗ್ಗದ ಒಂದು ಸುತ್ತು ಗ್ರಾಫೈಟ್ ಸೇರಿಸಿದ್ದಾಗಿತ್ತು. ಗ್ರಾಫೈಟ್ ಕಡಲ ನೀರಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿಗಿಂತಲೂ ಕರಗಲು ಒಪ್ಪದ ವಸ್ತು, ತನಗೆ ತಾಗಿದ ಲೋಹವನ್ನು ಬಲಿಕೊಡುತ್ತದೆ. ಪಂಪ್‌ಹೌಸಿಗೆ ಒಳ್ಳೆಯ ಹಗ್ಗ, ಸ್ಟೇನ್‌ಲೆಸ್ ಶಾಫ್ಟಿನ ದೋಣಿಗೆ ಅಲ್ಲ.

ನಯ ಮಾಡಿದರೆ ಚುಕ್ಕಿಗಳ ಬಾಯಿ ಅಳಿಸಬಹುದು, ಪೊಳ್ಳು ಹೋಗುವುದಿಲ್ಲ. ಶಾಫ್ಟ್ ತುಂಡಾಗುವುದಾದರೆ ಗ್ಲ್ಯಾಂಡಿನ ಬಳಿಯೇ ತುಂಡಾಗುತ್ತದೆ, ಆಗ ಹೊರಗಿನ ತುಂಡು ಪ್ರೊಪೆಲ್ಲರಿನ ಸಮೇತ ಜಾರಿಹೋದರೆ ದೋಣಿಯ ತಳದಲ್ಲಿ 25 ಮಿಲಿಮೀಟರಿನ ತೂತು ಉಳಿಯುತ್ತದೆ. ಮಾಲೀಕರು ಬಹಳ ಹೊತ್ತು ಒಪ್ಪಲಿಲ್ಲ. ಕೆಂಪಗಾಗಿ ಉದುರುತ್ತಿದ್ದ ಕಪ್ಲಿಂಗನ್ನು ಉಳಿಸಿಕೊಂಡು, ಕನ್ನಡಿಯಂತಿರುವ ಶಾಫ್ಟನ್ನು ಎಸೆಯಿರಿ ಎನ್ನುತ್ತಿದ್ದೀರಲ್ಲ ಎಂದರು. ಹೌದು, ಅದನ್ನೇ ಹೇಳುತ್ತಿದ್ದೆವು. ಮೆಕ್ಯಾನಿಕ್ ಸೂಜಿಯನ್ನು ಇನ್ನೆರಡು ಚುಕ್ಕಿಗಳಲ್ಲಿ ಇಳಿಸಿ ನೋಡಿದವರು ತಮ್ಮ ಮಾತು ಹಿಂದಕ್ಕೆ ತೆಗೆದುಕೊಂಡರು. ಅದನ್ನು ಕಂಡ ಮೇಲೆಯೇ ಮಾಲೀಕರೂ ಮೆತ್ತಗಾದರು.

ಹೊಸ ಶಾಫ್ಟ್ 316 ದರ್ಜೆಯದು. ಇದರಲ್ಲಿ ಮಾಲಿಬ್ಡಿನಂ ಸೇರಿರುವುದರಿಂದ ಮಾಮೂಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗಿಂತ ಕ್ಲೋರೈಡನ್ನು ಹೆಚ್ಚು ತಡೆಯುತ್ತದೆ. ಪೂರ್ತಿ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತುಕ್ಕು ತೆಗೆದ ಬಗೆ

ಕಪ್ಲಿಂಗಿನ ಬೀಡುಕಬ್ಬಿಣ ದಪ್ಪಗಿತ್ತು, ತುಕ್ಕು ಮೇಲಿನದಷ್ಟೇ. ಅದನ್ನು ವಿದ್ಯುದ್ವಿಭಜನೆಯಿಂದ ಬಿಡಿಸಿದೆವು. ಪ್ಲಾಸ್ಟಿಕ್ ಬಕೆಟ್, ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕರಗಿಸಿದ ನೀರು, 12 ವೋಲ್ಟಿನ ಹಳೆಯ ಬ್ಯಾಟರಿ ಚಾರ್ಜರ್. ಋಣ ತಂತಿ ಕಪ್ಲಿಂಗಿಗೆ, ಧನ ತಂತಿ ಕಟ್ಟಡಕ್ಕೆ ಬಳಸುವ ಮಾಮೂಲಿ ಕಬ್ಬಿಣದ ಸರಳಿನ ತುಂಡುಗಳಿಗೆ. ಹಳೆಯ ಚಾರ್ಜರ್ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈಗಿನ ಹಲವು ಚಾರ್ಜರುಗಳು ಎದುರಿಗೆ ಬ್ಯಾಟರಿ ಇಲ್ಲವೆಂದು ತಿಳಿದರೆ ವಿದ್ಯುತ್ತನ್ನೇ ಬಿಡುವುದಿಲ್ಲ. ಸರಳಿನ ಬದಲು ಸ್ಟೇನ್‌ಲೆಸ್ ಚಮಚ, ತಟ್ಟೆ ಬಳಸುವವರಿದ್ದಾರೆ. ಅದು ಕೂಡದು, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಬಕೆಟ್ಟಿನಿಂದ ಹೈಡ್ರೋಜನ್ ಏಳುವುದರಿಂದ ಕೆಲಸ ಬಯಲಿನಲ್ಲಿಯೇ ಆಗಬೇಕು. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿಗೆ ಹಾಕಬಾರದು, ಸೋಡಾ ಅದನ್ನೇ ತಿನ್ನುತ್ತದೆ.

ಈ ವಿಧಾನದ ಗುಣವೆಂದರೆ ಒಳ್ಳೆಯ ಲೋಹಕ್ಕೆ ಕೈ ಹಾಕುವುದಿಲ್ಲ. ಮರುದಿನ ತೆಗೆದಾಗ ಕಪ್ಲಿಂಗಿನ ಮೇಲೆ ಕಪ್ಪು ಮಸಿಯಷ್ಟೇ ಇತ್ತು, ನೈಲಾನ್ ಬ್ರಷ್‌ಗೆ ಬಿಟ್ಟುಬಂತು. ಶಾಫ್ಟಿನ ಕೀಲಿ ಕೂರುವ ತೋಡಿನಲ್ಲಿ ಬಿರುಕು ಇಲ್ಲವೆಂದು ಭೂತಗನ್ನಡಿಯಲ್ಲಿ ನೋಡಿ ಖಚಿತ ಮಾಡಿಕೊಂಡೆವು.

ಆಮೇಲೆ ತೊಳೆಯುವ ಕೆಲಸ. ಮೊದಲ ಸುತ್ತು ಕೆಟ್ಟದ್ದು ಇಲ್ಲಿಯೇ ಆದ್ದರಿಂದ ಕಣ್ಣಳತೆಯನ್ನು ನಂಬಲಿಲ್ಲ. ಮನೆಗಳಿಗೆ ಆರ್‌ಒ ನೀರಿನ ಯಂತ್ರ ಹಾಕುವವರ ಜೇಬಿನಲ್ಲಿರುವ ಪೆನ್ನಿನಂಥ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ್ದನ್ನು ಅಳೆಯುವುದು) ಒಂದನ್ನು ತಂದೆವು. ಆರ್‌ಒ ನೀರನ್ನು ಬಿಸಿ ಮಾಡಿ, ಕಪ್ಲಿಂಗನ್ನು ಅದರಲ್ಲಿ ನೆನೆಸಿ, ಹೊರತೆಗೆದ ಮೇಲೆ ನೀರು ತಣ್ಣಗಾದಾಗ ಮೀಟರ್ ಇಳಿಸುವುದು. ಕರಗಿದ್ದು ಉಪ್ಪೇ ಆಗಲಿ ಸೋಡಾವೇ ಆಗಲಿ, ಮೀಟರ್ ಏರುತ್ತದೆ. ಹಾಕುವ ಮೊದಲಿನ ಅಂಕಿಗಿಂತ ಗಣನೀಯವಾಗಿ ಏರಿದ್ದರೆ ನೀರು ಚೆಲ್ಲಿ ಮತ್ತೆ ಹೊಸ ನೀರು. ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಆಗುವವರೆಗೆ ಇದೇ ಕೆಲಸ. ಬೇಸರದ್ದೇ, ಆದರೆ ಈ ಇಡೀ ಪ್ರಕರಣದಲ್ಲಿ ಒಂದೇ ಒಂದು ಹಂತವನ್ನು ಬಿಡಬಾರದು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ರಸ್ಟ್ ಕನ್ವರ್ಟರ್ ಎಂದು ಮಾರುವ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲದ ದ್ರಾವಣಗಳೂ ಉಪ್ಪನ್ನು ಮೊದಲು ತೊಳೆದ ಮೇಲೆಯೇ ಹಿಡಿಯುತ್ತವೆ.

ತೊಳೆದ ಕಬ್ಬಿಣ ಗಾಳಿಯಲ್ಲಿ ಕ್ಷಣದಲ್ಲಿ ಮತ್ತೆ ಕೆಂಪಾಗುತ್ತದೆ. ಬಿಸಿಗಾಳಿಯಲ್ಲಿ ಒಣಗಿಸಿ, ಇನ್ನೂ ಬೆಚ್ಚಗಿರುವಾಗಲೇ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎಂಜಿನ್ ಬಣ್ಣ. ಶಾಫ್ಟ್ ಕೂರುವ ಒಳತೂತಿಗೂ ಎದುರಿನ ಫ್ಲೇಂಜಿಗೆ ಕೂಡುವ ಮುಖಕ್ಕೂ ಬಣ್ಣ ತಾಗಿಸಲಿಲ್ಲ, ತೆಳುವಾಗಿ ಎಣ್ಣೆ ಸವರಿದೆವು. ಬ್ರಾಕೆಟ್ಟಿಗೂ ಇದೇ ಉಪಚಾರ. ಎಂಜಿನ್ ಮೌಂಟನ್ನು ಮಾತ್ರ ಎಸೆದೆವು, ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡಿತ್ತು.

ಮರುಜೋಡಣೆ

ಲೇತಿನವರು ಹೊಸ ಶಾಫ್ಟಿಗೆ ಕಪ್ಲಿಂಗ್ ಕೂರಿಸಿ, ಶಾಫ್ಟಿನ ಮೇಲೇ ಅದರ ಮುಖ ಕತ್ತರಿಸಿ ನೇರ ಮಾಡಿದರು. ಗ್ಲ್ಯಾಂಡಿನಲ್ಲಿ ಟೆಫ್ಲಾನ್ ಹಚ್ಚಿದ ನಾರಿನ ಹಗ್ಗದ ಬಿಡಿ ಉಂಗುರಗಳು, ಕೂಡುಭಾಗಗಳು ಒಂದರ ಮೇಲೊಂದು ಬಾರದಂತೆ.

ಇಲ್ಲಿ ಒಂದು ಚರ್ಚೆ ನಡೆಯಿತು. ಹನಿಯೇ ಬೀಳದ, ತಿದಿಯಂತೆ ಮಡಿಕೆಯಿರುವ ರಬ್ಬರ್ ಬೆಲ್ಲೋಸ್ ಸೀಲ್ ಹಾಕಿಸೋಣ ಎಂದರು ಮಾಲೀಕರು. ಒಳ್ಳೆಯ ಸಾಧನವೇ. ಆದರೆ ಈ ದೋಣಿ ಮಳೆಗಾಲ ಪೂರ್ತಿ ಕಾಯುವವರಿಲ್ಲದೆ ನಿಂತಿರುತ್ತದೆ. ಹಗ್ಗ ಕೆಟ್ಟರೆ ಹನಿ ಹೆಚ್ಚಾಗುತ್ತದೆ, ರಬ್ಬರ್ ಹರಿದರೆ ದೋಣಿ ಮುಳುಗುತ್ತದೆ. ಹಗ್ಗವನ್ನೇ ಉಳಿಸಿ, ಗ್ಲ್ಯಾಂಡಿನ ಮೇಲೆ ಅಕ್ರಿಲಿಕ್ ಹಾಳೆಯ ಒಂದು ಕಮಾನು ಮುಚ್ಚಳ, ಕೆಳಗೆ ಬಿಲ್ಜಿಗೆ (ದೋಣಿಯ ತಳದಲ್ಲಿ ನೀರು ಸೇರುವ ಜಾಗ) ಹರಿಯುವ ತಟ್ಟೆ ಇಟ್ಟೆವು. ಮುಚ್ಚಳ ಪಾರದರ್ಶಕವಾದ್ದರಿಂದ ಹನಿ ಕಾಣುತ್ತದೆ, ಎರಚುವುದಿಲ್ಲ.

ಹೊರಗಿನ ಆನೋಡನ್ನು ಸತುವಿನಿಂದ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬದಲಿಸಿದೆವು. ಮಳೆಗಾಲದಲ್ಲಿ ಮಾಂಡೋವಿಯ ಈ ಭಾಗಕ್ಕೆ ಘಟ್ಟದ ಸಿಹಿನೀರು ಇಳಿಯುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ, ಕಡಲ ನೀರು ಮರಳಿದ ಮೇಲೂ ಎಚ್ಚರಗೊಳ್ಳದಿರಬಹುದು. ಅಲ್ಯೂಮಿನಿಯಂ ಎರಡು ನೀರಿನಲ್ಲೂ ಕರಗುತ್ತದೆ.

ದೋಣಿಯನ್ನು ನೀರಿಗಿಳಿಸಿ ಒಂದು ದಿನ ತೇಲಲು ಬಿಟ್ಟ ಮೇಲೆಯೇ ಕಪ್ಲಿಂಗಿನ ಎರಡು ಮುಖಗಳ ನಡುವೆ ಸಂದು ಅಳೆಯುವ ತೆಳು ಪಟ್ಟಿಗಳನ್ನು (ಫೀಲರ್ ಗೇಜ್) ಆಡಿಸಿ ಎಂಜಿನ್ ಸಮ ಮಾಡಿದ್ದು. ದಡದ ಮೇಲೆ ಕೂತ ದೋಣಿಯ ತಳ ಬೇರೆ ಆಕಾರದಲ್ಲಿರುತ್ತದೆ. 100 ಮಿಲಿಮೀಟರ್ ಅಗಲದ ಕಪ್ಲಿಂಗಿಗೆ ಸುತ್ತಲಿನ ವ್ಯತ್ಯಾಸ 0.1 ಮಿಲಿಮೀಟರಿನೊಳಗೆ ಇರಬೇಕು. ಅದಕ್ಕಿಂತ ಹೆಚ್ಚಾದರೆ ಶಾಫ್ಟ್ ಅದುರಿ ಹಗ್ಗ ಸವೆದು, ಎರಚಾಟ ಮತ್ತೆ ಶುರು.

ನಂತರದ ಮಳೆಗಾಲ

ನಿಲ್ಲಿಸುವ ಮೊದಲಿನ ಕ್ರಮವನ್ನು ಮಾಲೀಕರಿಗೆ ಬರೆದುಕೊಟ್ಟಿದ್ದೆವು. ಕಡಲ ನೀರಿನ ದಾರಿಯಲ್ಲಿ ಸಿಹಿನೀರು ಓಡಿಸುವುದು, ಅದೂ ಬಕೆಟ್ಟಿನಿಂದ ಎಂಜಿನ್ ತಾನೇ ಹೀರಿಕೊಳ್ಳುವಂತೆ. ನಲ್ಲಿಯ ಪೈಪನ್ನು ನೇರ ಜೋಡಿಸಿ ಎಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದು ನಿಷ್ಕಾಸದ ದಾರಿಯಲ್ಲಿ ಹಿಂದೆ ಬಂದು ಸಿಲಿಂಡರಿಗೇ ತುಂಬಬಹುದು. ಪಂಪಿನಲ್ಲಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್ ತೆಗೆದು, ಅದು ಹೊರಗಿದೆ ಎಂಬ ಚೀಟಿಯನ್ನು ಎಂಜಿನ್ ಕೀಲಿಗೆ ಕಟ್ಟುವುದು. ಡೀಸೆಲ್ ಟ್ಯಾಂಕ್ ತುಂಬಿಸುವುದು. ಕಪ್ಲಿಂಗ್, ಬ್ರಾಕೆಟ್, ಬೋಲ್ಟಿನ ತಲೆಗಳಿಗೆ ಲ್ಯಾನೋಲಿನ್ (ಕುರಿಯುಣ್ಣೆಯ ಜಿಡ್ಡು) ಗ್ರೀಸ್ ಬಳಿಯುವುದು. ಡಬ್ಲ್ಯುಡಿ-40 ಎಂಬ ಸ್ಪ್ರೇ ನೀರನ್ನು ಹೊರದೂಡಲು ಒಳ್ಳೆಯದು, ನಾಲ್ಕು ತಿಂಗಳು ಕಾಯಲು ಅಲ್ಲ. ಸಾಧ್ಯವಾದಾಗ ಯಾರಾದರೂ ಹೋಗಿ ಶಾಫ್ಟನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ ಬರುವುದು, ಹಗ್ಗದ ಕೆಳಗಿನ ನೀರು ಬದಲಾಗಲಿ ಎಂದು.

ಮಳೆ ಕಳೆದು ಮುಚ್ಚಳ ತೆರೆದಾಗ ಕಪ್ಲಿಂಗಿನ ಬಣ್ಣ ಹಾಗೆಯೇ ಇತ್ತು. ಪಂಪಿನ ತೂತಿನ ಕೆಳಗೆ ಇಟ್ಟಿದ್ದ ಕಾಗದ ಒಣಗಿತ್ತು. ಡಿಪ್‌ಸ್ಟಿಕ್ಕಿನ ಎಣ್ಣೆ ತಿಳಿ. ಸ್ಟಾರ್ಟರ್ ಮೋಟಾರಿನ ಕೆಳಗಿನ ಪಟ್ಟಿಯೊಂದು ಮಾತ್ರ ಹೊಸದಾಗಿ ಕಂದಿತ್ತು. ಮಾಲೀಕರ ಕೈ ಆಗಲೇ ಬಣ್ಣದ ಡಬ್ಬದ ಕಡೆ ಹೋಗಿತ್ತು. ಮೆಕ್ಯಾನಿಕ್ ತಡೆದು, ಮತ್ತೆ ದಿನಪತ್ರಿಕೆ ಹಾಸಿ, ಡೆಕ್ಕಿನ ಮೇಲೆ ಒಂದು ಕೊಡ ನೀರು ಸುರಿಸಿದರು. ಈ ಸಲ ಹನಿ ಬಿದ್ದದ್ದು ಮೇಲಿನಿಂದ. ಕಾಕ್‌ಪಿಟ್ಟಿನ (ದೋಣಿ ನಡೆಸುವವರು ಕೂರುವ ಜಾಗ) ಲಾಕರ್ ಮುಚ್ಚಳದ ರಬ್ಬರು ಒಂದು ಮೂಲೆಯಲ್ಲಿ ಬಿರಿದಿತ್ತು, ಮಳೆನೀರು ಅಲ್ಲಿಂದ ಇಳಿಯುತ್ತಿತ್ತು. ರಬ್ಬರು ಬದಲಾಗಿದೆ. ಪಟ್ಟಿಯನ್ನು ಬಿಚ್ಚಿ ಸೋಡಾ ಬಕೆಟ್ಟಿಗೆ ಹಾಕುವುದು ಮುಂದಿನ ಬಾರಿ ಮೆಕ್ಯಾನಿಕ್ ಬಂದಾಗ.